ಒಂದು ಹರಳು ಕಡಿಮೆ

ಮಾವ ಕುಕ್ಕರುಗಾಲಿನಲ್ಲಿ ಕೂತು, ಗಿಡದ ಚೀಲದಿಂದ ಬಸಿದ ನೀರಿನ ಬಟ್ಟಲಿಗೆ ಕಿರುಬೆರಳು ಅದ್ದಿ, ಅದನ್ನು ಸೀದಾ ಬಾಯಿಗಿಟ್ಟುಕೊಂಡರು. ಪಕ್ಕದಲ್ಲೇ ನೀರಿನ ಉಪ್ಪು ಅಳೆಯುವ ಮೀಟರು ಹಿಡಿದು ನಿಂತಿದ್ದ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಟ್ಟಲಿನ ಅಂಚಿಗೆ ಹಸಿರು ಪಾಚಿ ಲೋಳೆಲೋಳೆಯಾಗಿ ಅಂಟಿತ್ತು. ನೀರಿನ ಮೇಲೆ ಎರಡು ಗುಂಗುರು ಸತ್ತು ತೇಲುತ್ತಿದ್ದವು. ಬೆರಳು ಅದ್ದುವ ಮೊದಲು ಮಾವ ಅವನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿದ್ದರು. ಅಲ್ಲಿಗೆ ಮುಗಿಯಿತು ಅವರ ಶುಚಿತ್ವ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಕಣ್ಣು ಮುಚ್ಚಿ, ಕಷ್ಟದ ಲೆಕ್ಕ ಬಿಡಿಸುವವರ ಹಾಗೆ ಒಂದು ಗಳಿಗೆ ಕೂತಿದ್ದು, ಆಮೇಲೆ ಜನ ಓಡಾಡುವ ದಾರಿಗೇ ಉಗುಳಿದರು.

"ನಾಲ್ಕು," ಎಂದರು. "ಉಪ್ಪು ತುಂಬ ಏರಿದೆ ಕಣಮ್ಮಾ. ಬರೀ ನೀರು ಬಿಟ್ಟು ಚೀಲ ತೊಳೀಬೇಕು."

ಸೊಸೆ ಅವರು ಬೆರಳಿಟ್ಟ ಬಟ್ಟಲನ್ನು ಕಾಲಿನಿಂದ ಅತ್ತ ನೂಕಿ, ಮುಂದಿನ ಚೀಲದ ಬಟ್ಟಲಿಗೆ ಮೀಟರು ಇಳಿಸಿದಳು. ಅಂಕಿ ಓಡಾಡಿ ಓಡಾಡಿ ಎರಡು ಪಾಯಿಂಟ್ ಆರಕ್ಕೆ ನಿಂತಿತು. ಅದನ್ನು ಪುಸ್ತಕದಲ್ಲಿ ಬರೆದಳು. ಪುಸ್ತಕ ತಿರುಗಿಸಿ ಕೊನೆಯ ಹಾಳೆಯಲ್ಲಿ ಇನ್ನೊಂದು ಅಂಕಿಯನ್ನೂ ಬರೆದಳು: ನಾಲ್ಕು. ಆ ಹಾಳೆಯ ವಿಷಯ ಅವಳಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಇಬ್ಬರೂ ಕೆಲಸಕ್ಕಿದ್ದ ಪಾಲಿಹೌಸಿನಲ್ಲಿ ಮಣ್ಣೇ ಇಲ್ಲ. ಎರಡು ದೊಡ್ಡ ಪ್ಲಾಸ್ಟಿಕ್ ಮನೆಗಳು, ಒಂದರಲ್ಲಿ ಟೊಮೇಟೊ, ಇನ್ನೊಂದರಲ್ಲಿ ಸೌತೆ. ಎಲ್ಲ ಗಿಡವೂ ತೆಂಗಿನ ನಾರಿನ ಪುಡಿ ತುಂಬಿದ ಉದ್ದುದ್ದ ಚೀಲದಲ್ಲೇ ಬೇರು ಬಿಡಬೇಕು. ನಾರಿನ ಪುಡಿಯಲ್ಲಿ ಗಿಡಕ್ಕೆ ತಿನ್ನಲು ಏನೂ ಇರುವುದಿಲ್ಲ. ಪೈಪಿನಲ್ಲಿ ಹನಿಹನಿಯಾಗಿ ಬರುವ ಗೊಬ್ಬರದ ನೀರೇ ಅನ್ನ, ಅದೇ ನೀರು. ಗೊಬ್ಬರವೆಂದರೂ ಒಂದು ಬಗೆಯ ಉಪ್ಪೇ. ಕಡಿಮೆಯಾದರೆ ಗಿಡ ಸೊರಗುತ್ತದೆ, ಹೆಚ್ಚಾದರೆ ಚೀಲದೊಳಗೇ ಉಪ್ಪು ಕೂತು ಬೇರು ಸುಡುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಒಳಗೆ ಹೋಗುವ ನೀರನ್ನೂ ಚೀಲದ ಕೆಳಗೆ ಬಸಿದು ಬರುವ ನೀರನ್ನೂ ಅಳೆಯಬೇಕು. ಒಳಗೆ ಹೋಗುವುದು ಎರಡು ಇದ್ದರೆ ಹೊರಗೆ ಬರುವುದು ಎರಡೂವರೆಯ ಆಸುಪಾಸಿನಲ್ಲಿರಬೇಕು. ಅಷ್ಟೇ ವಿದ್ಯೆ. ಆದರೆ ಅಷ್ಟು ವಿದ್ಯೆಗೆ ಸೊಸೆ ಹದಿನೈದು ದಿನ ತರಬೇತಿಗೆ ಹೋಗಿ, ಚೌಕಟ್ಟು ಹಾಕಿದ ಸರ್ಟಿಫಿಕೇಟು ತಂದಿದ್ದಳು. ಕೆಲಸದವರೆಲ್ಲ ಅವಳನ್ನು ಮೀಟರಮ್ಮ ಎನ್ನುತ್ತಿದ್ದರು. ಮಾವನಿಗೆ ಇದ್ದ ಹೆಸರು ನಾಲಿಗೆ ತಾತ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದೊಬ್ಬ ಇಂಜಿನಿಯರು ಮೊದಲ ಮೀಟರು ತಂದಿದ್ದ ಕಾಲದಲ್ಲಿ ಮಾವ ಎರಡು ವರ್ಷ ಅವನ ಹಿಂದೆ ಓಡಾಡಿ, ಅವನು ಅಳೆದ ನೀರನ್ನೆಲ್ಲ ನೆಕ್ಕಿ ನೆಕ್ಕಿ ಅಂಕಿಗೂ ರುಚಿಗೂ ಗಂಟು ಹಾಕಿಕೊಂಡಿದ್ದರು. ಒಂದು ದಿನ ಮೀಟರು ತೊಟ್ಟಿಗೆ ಬಿದ್ದು ಸತ್ತಿತು, ಇಂಜಿನಿಯರು ಬೇರೆ ಕಡೆ ಹೋದ. ಆಮೇಲೆ ಆರು ವರ್ಷ ಎರಡು ಮನೆಗಳೂ ಮಾವನ ನಾಲಿಗೆಯ ಮೇಲೇ ನಡೆದವು. ಹೊಸ ಮ್ಯಾನೇಜರು ಬಂದು ಹೊಸ ಮೀಟರು ತರಿಸಿ ಸೊಸೆಯ ಕೈಗೆ ಕೊಟ್ಟ ಮೇಲೂ ಅವರು ಅಭ್ಯಾಸ ಬಿಡಲಿಲ್ಲ. ಗಿಡ ಕಟ್ಟುವ ಕೆಲಸ ಕೊಟ್ಟರೆ ಕಟ್ಟುತ್ತ ಕಟ್ಟುತ್ತಲೇ ಬಟ್ಟಲು ಕಂಡಲ್ಲಿ ಬೆರಳು ಅದ್ದುತ್ತಿದ್ದರು.

ಸಾಲದ್ದಕ್ಕೆ ಅದೇ ಬೆರಳು ಸಂಜೆ ಮನೆಗೂ ಬರುತ್ತಿತ್ತು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯಲ್ಲೇ. ಮನೆಯಲ್ಲಿ ಉಳಿಯುವವರು ಇವರಿಬ್ಬರೇ. ಅಡುಗೆ ಮುಗಿದ ಸದ್ದು ಕೇಳಿದರೆ ಸಾಕು, ಮಾವ ಒಳಗೆ ಬಂದು ಮುಚ್ಚಳ ಸರಿಸಿ, ಬಿಸಿ ಪಾತ್ರೆಗೆ ಕಿರುಬೆರಳು ಇಳಿಸಿ, ಚೀಪಿ, ಅದೇ ಬೆರಳನ್ನು ಪಕ್ಕದ ಪಾತ್ರೆಗೂ ಇಳಿಸುತ್ತಿದ್ದರು. "ಒಂದು ಹರಳು ಕಡಿಮೆ ಕಣಮ್ಮಾ." ಇಲ್ಲವೆ, "ಅರ್ಧ ಚಿಟಿಕೆ ಜಾಸ್ತಿ." ಅವಳು ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಒಂದು ದಿನವಾದರೂ ಸರಿಯಾಗಿದೆ ಎಂದವರಲ್ಲ. ಆ ಉಗುರಿನ ಸಂದಿಯಲ್ಲಿ ನಾರಿನ ಪುಡಿಯ ಕಂದು ಗೆರೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅದನ್ನು ನೆನೆಸಿಕೊಂಡರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಎಂಜಲು, ಎಂಜಲು, ಮನೆಯೆಲ್ಲ ಎಂಜಲು! ಕೊನೆಗೆ ಅವಳೊಂದು ಉಪಾಯ ಮಾಡಿದಳು. ಒಲೆಯಿಂದ ಇಳಿಸುವ ಮೊದಲೇ ತನ್ನ ಪಾಲನ್ನು ಬೇರೆ ತೆಗೆದು, ಅಡುಗೆಮನೆಯಲ್ಲಿ ನಿಂತೇ ಉಂಡು ಮುಗಿಸಿ, ಆಮೇಲೆ ಮಾವನಿಗೆ ತಟ್ಟೆ ಹಾಕುವುದು. ಗಂಡನ ಹತ್ತಿರ ಹೇಳಿಕೊಂಡರೆ ಅವನು ನಕ್ಕುಬಿಡುತ್ತಿದ್ದ. ನಗುವುದಕ್ಕೇನು, ತಿಂಗಳಿಗೆ ಹತ್ತು ದಿನ ಉಣ್ಣುವವನು.

ಸೊಸೆಯ ಕೈ ಮಾತ್ರ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ಮೀಟರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡುತ್ತಿದ್ದಳು. ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಪುಟ್ಟ ಬಾಟಲಿಯ ಅಳತೆ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ, ಮೀಟರಿನ ತುದಿ ಅದ್ದಿ, ಅಂಕಿ ಒಂದು ಪಾಯಿಂಟ್ ನಾಲ್ಕು ಒಂದಕ್ಕೆ ಬರುವವರೆಗೆ ಗುಂಡಿ ಒತ್ತುತ್ತಿದ್ದಳು. ಆ ನೀರಿನಲ್ಲಿ ಉಪ್ಪು ಇಷ್ಟೇ ಎಂದು ಮೊದಲೇ ಗೊತ್ತು. ಮೀಟರು ಅದನ್ನು ಸರಿಯಾಗಿ ಹೇಳಿದರೆ ಉಳಿದದ್ದನ್ನೂ ಸರಿಯಾಗಿ ಹೇಳುತ್ತದೆ. ಬಾಟಲಿ ಹೊರದೇಶದಿಂದ ಬರಬೇಕು, ಕೇಳಿದರೆ ಎರಡು ಮೂರು ತಿಂಗಳು. ಹಾಗಾಗಿ ಅವಳು ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಅದ್ದಿದ ಮೇಲೆ ಲೋಟದಲ್ಲಿ ಉಳಿದದ್ದನ್ನು ಒಂದು ಹನಿ ಚೆಲ್ಲದೆ ಮತ್ತೆ ಬಾಟಲಿಗೇ ಬಗ್ಗಿಸಿ ಬಿರಡೆ ಬಿಗಿಯುತ್ತಿದ್ದಳು.

ಕೊನೆಯ ಹಾಳೆಯ ಲೆಕ್ಕ ಶುರುವಾಗಿ ಹನ್ನೆರಡು ವಾರವಾಗಿತ್ತು. ಮಾವ ಹೇಳಿದ್ದು ಒಂದು ಕಡೆ, ಮೀಟರು ಹೇಳಿದ್ದು ಒಂದು ಕಡೆ. ಮೊದಲ ವಾರ ಇಬ್ಬರೂ ಎರಡೂವರೆ. ಮಾವನ ನಾಲಿಗೆ ಮೀಟರಿಗೆ ಸರಿಸಮ ನಿಂತದ್ದು ಕಂಡು ಅವಳಿಗೆ ಒಳಗೊಳಗೇ ಉರಿದುಹೋಗಿತ್ತು. ಆದರೆ ಐದನೆಯ ವಾರ ಮಾವನದು ಮೂರು ಆಯಿತು, ಎಂಟನೆಯ ವಾರ ಮೂರೂವರೆ, ಈಗ ನಾಲ್ಕು. ಮೀಟರು ಎರಡೂವರೆ ಬಿಟ್ಟು ಹೆಚ್ಚು ಕದಲಿರಲಿಲ್ಲ. ಮುದುಕನ ನಾಲಿಗೆ ಕೆಡುತ್ತಿದೆ, ವಾರ ವಾರಕ್ಕೂ ಕೆಡುತ್ತಿದೆ, ಇದೋ ಬರಹದಲ್ಲಿದೆ ಎಂದು ಅವಳು ಪುಸ್ತಕ ಮುಚ್ಚುವಾಗ ಸಮಾಧಾನದ ಉಸಿರು ಬಿಡುತ್ತಿದ್ದಳು. ಅದೇ ದಿನಗಳಲ್ಲಿ ಹತ್ತು ದಿನ ಬರುತ್ತಿದ್ದ ಗೊಬ್ಬರದ ಮೂಟೆ ಏಳೇ ದಿನಕ್ಕೆ ಖಾಲಿಯಾಗತೊಡಗಿತ್ತು. ಗಿಡ ದೊಡ್ಡದಾಗಿದೆ, ತಿನ್ನುತ್ತದೆ ಎಂದುಕೊಂಡಳು.

ಕಾಯಿ ಕೊಳ್ಳುವ ಕಂಪನಿಯಿಂದ ಇಬ್ಬರು ನೋಡಲು ಬಂದ ದಿನ ಆಗಬಾರದ್ದು ಆಯಿತು. ಬಂದವರಲ್ಲಿ ಒಬ್ಬಾಕೆ ಬಿಳಿ ಕೋಟು, ಬಿಳಿ ಟೋಪಿ, ಕೈಗೆ ಗವಸು ಹಾಕಿಕೊಂಡು ಸೌತೆ ಮನೆಯ ಎರಡನೆಯ ಸಾಲಿಗೆ ಬರುತ್ತಿದ್ದಾಳೆ. ಎದುರಿಗೆ ಮಾವ, ಬಾಯಲ್ಲಿ ಬೆರಳು. ಆಕೆಯ ಬೂಟಿನಿಂದ ಒಂದು ಗೇಣು ದೂರಕ್ಕೆ ಉಗುಳು ಬಿತ್ತು. ಆಕೆ ಅದನ್ನು ಬರೆದುಕೊಂಡಳು. ಮ್ಯಾನೇಜರಿನ ಮುಖ ನೋಡಲಾಗುತ್ತಿರಲಿಲ್ಲ.

ಅವರು ಹೋದ ಮೇಲೆ ಮ್ಯಾನೇಜರು ಸೊಸೆಯನ್ನು ಕೋಣೆಗೆ ಕರೆದ. ಅವನು ಕೆಟ್ಟವನಲ್ಲ; ಮುದುಕನನ್ನು ಕೆಲಸದಿಂದ ತೆಗೆಯಲು ಅವನಿಗೂ ಮನಸ್ಸಿರಲಿಲ್ಲ. ತಾತನ ನಾಲಿಗೆಯಿಂದ ನಿಜವಾಗಿ ಏನಾದರೂ ಉಪಯೋಗ ಉಂಟೇ, ಉಂಟೆಂದರೆ ಬಂದವರಿಗೆ ಹೇಗಾದರೂ ತಿಳಿಸಿ ಹೇಳುತ್ತೇನೆ ಎಂದ. ಸೊಸೆ ಪುಸ್ತಕವನ್ನು ಕೊನೆಯ ಹಾಳೆಗೆ ತೆರೆದು ಅವನ ಮುಂದೆ ಇಟ್ಟಳು. ಅವನು ಬೆರಳಿಟ್ಟು ಒಂದೊಂದೇ ಸಾಲು ಓದಿದ.

"ಇಷ್ಟೊಂದು ವ್ಯತ್ಯಾಸವಾ?"

"ಅವರ ನಾಲಿಗೆ ಕೆಟ್ಟುಹೋಗಿದೆ ಸಾರ್," ಎಂದಳು ಸೊಸೆ. "ಮನೇಲೂ ಹಾಗೇ. ಯಾವುದರ ರುಚಿಯೂ ಗೊತ್ತಾಗಲ್ಲ ಅವರಿಗೆ."

ಕೊನೆಯ ಮಾತು ಶುದ್ಧ ಸುಳ್ಳು. ಅವಳು ಹಾಕಿದ ಉಪ್ಪಿನಲ್ಲಿ ಒಂದು ಹರಳು ಹೆಚ್ಚುಕಡಿಮೆಯಾದದ್ದನ್ನು ಮಾವ ಹೇಳಿದ ಮೇಲೆ ಅವಳು ಕದ್ದು ನೋಡಿ, ಹೌದೆಂದು ಕಂಡು, ಎಷ್ಟು ಸಲ ಹಲ್ಲು ಕಡಿದಿರಲಿಲ್ಲ! ಆದರೂ ಬಾಯಿಗೆ ಬಂತು, ಆಡಿಬಿಟ್ಟಳು. ಆಡಿದ ಮೇಲೆ ಹಗುರವೆನ್ನಿಸಿತು.

ಮಾರನೆಯ ದಿನದಿಂದ ಮಾವ ಬರುವುದು ಬೇಡವೆಂದಾಯಿತು. ಮ್ಯಾನೇಜರು ಅವರನ್ನು ಕೂರಿಸಿ, ಚಹಾ ಕೊಟ್ಟು, ವಯಸ್ಸಾಯಿತು, ವಿಶ್ರಾಂತಿ ತಗೊಳ್ಳಿ ಎಂದು ನಯವಾಗಿಯೇ ಹೇಳಿದ. ಸೊಸೆಯ ಮಾತೂ ಹೇಳಿದನೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ. ಮಾವ ಮನೆಗೆ ಬಂದು ಕೈಕಾಲು ತೊಳೆದು, ಬೇಲಿಯ ಕಡ್ಡಿ ಮುರಿದುಕೊಂಡು ಅಂಗಳದಲ್ಲಿ ಕೂತು ಆ ಕಿರುಬೆರಳಿನ ಉಗುರನ್ನು ಬಹಳ ಹೊತ್ತು ಕೆರೆದು ಕೆರೆದು ಶುಚಿ ಮಾಡಿದರು. ಅವತ್ತು ಸಂಜೆ ಅಡುಗೆಮನೆಗೆ ಬರಲಿಲ್ಲ. ತಟ್ಟೆ ಹಾಕುವವರೆಗೆ ಕಾದು, ಹಾಕಿದ್ದನ್ನು ಉಂಡರು.

ಉಪ್ಪು ಹೇಗಿದೆ ಎಂದು ಅವಳು ಕೇಳಿದ್ದು ಕುಹಕಕ್ಕೆ.

"ಸರಿಯಾಗಿದೆ," ಎಂದರು ಮಾವ.

ಅಂದಿನಿಂದ ದಿನಾ ಅದೇ ಮಾತು. ಸರಿಯಾಗಿದೆ ಕಣಮ್ಮಾ. ಒಂಬತ್ತು ವರ್ಷ ಕಾದು ಕೇಳಿದ ಮಾತು. ಗೆದ್ದೆ ಎಂದುಕೊಂಡಳು ಸೊಸೆ. ಪಾತ್ರೆಗಳು ಮುಚ್ಚಿದಂತೆಯೇ ಇರುತ್ತಿದ್ದವು. ಆದರೂ ತನ್ನ ಪಾಲು ಮೊದಲೇ ತೆಗೆದಿಟ್ಟು ನಿಂತು ಉಣ್ಣುವುದನ್ನು ಅವಳು ಬಿಡಲಿಲ್ಲ.

ಮೂರನೆಯ ವಾರ ಸೌತೆ ಎಲೆಗಳ ಅಂಚು ಕಂದಿತು. ಮೊದಲು ನಾಲ್ಕಾರು ಗಿಡ, ಆಮೇಲೆ ಸಾಲು ಸಾಲೇ ಬೆಂಕಿಯ ಹತ್ತಿರ ಹಿಡಿದ ಕಾಗದದ ಹಾಗೆ ಅಂಚು ಸುಟ್ಟು ಒಳಕ್ಕೆ ಮುದುರಿತು. ಮೀಟರು ನೋಡಿದರೆ ಎಲ್ಲ ಸರಿ. ಟೊಮೇಟೊ ಮನೆಯಲ್ಲಿ ತೊಂದರೆಯಿಲ್ಲ. ಹಣ್ಣು ಕೊಂಚ ಸಣ್ಣ, ಆದರೆ ಹಿಂದೆಂದೂ ಇಲ್ಲದ ಸಿಹಿ ಎಂದು ಕೊಳ್ಳುವವರು ಹೊಗಳಿ ಕಳಿಸಿದ್ದರು. ಹಾಗಿದ್ದ ಮೇಲೆ ನೀರು ತಪ್ಪಿರುವುದು ಹೇಗೆ? ಸೌತೆಗೆ ಹಸಿವಾಗಿರಬೇಕು, ಇನ್ನಷ್ಟು ಗೊಬ್ಬರ ಕೊಡಿ ಎಂದ ಮ್ಯಾನೇಜರು. ಕೊಟ್ಟಳು. ನಾಲ್ಕು ದಿನಕ್ಕೆ ಕಾಯಿಗಳು ತೊಟ್ಟಿನಲ್ಲೇ ಹಳದಿಗೆ ತಿರುಗಿ ಉದುರಿದವು.

ಒಂದು ಚೀಲ ಸೀಳಿ ನೋಡೋಣವೆಂದು ಅವಳು ಬ್ಲೇಡು ಹಾಕಿದಳು. ಬೆಳ್ಳಗೆ ದಾರದುಂಡೆಯಂತೆ ಇರಬೇಕಾದ ಬೇರು ಕಂದು ಲೋಳೆಯಾಗಿ ಕೈಗೆ ಅಂಟಿಕೊಂಡಿತು. ಎಳೆದರೆ ಸಿಪ್ಪೆ ಕಳಚಿ ಬೆರಳಲ್ಲೇ ಉಳಿಯುತ್ತಿತ್ತು. ಚರಂಡಿಯ ಬಾಯಿ ತೆರೆದಂಥ ವಾಸನೆ. ಥೂ ಎಂದು ಕೈ ಕೊಡವಿ, ಕೊಳಾಯಿಗೆ ಓಡಿ, ಸೋಪು ಹಾಕಿ ಮೂರು ಸಲ ತೊಳೆದಳು. ವಾಸನೆ ಹೋಗಲಿಲ್ಲ. ನಾನೇನು ಕಡಿಮೆ ಮಾಡಿದೆ ನಿನಗೆ ಎಂದು ಗಿಡವನ್ನು ಬೈಯಬೇಕೆನ್ನಿಸಿತು.

ಹೊಸ ಅಳತೆ ನೀರಿನ ಬಾಟಲಿ ಬಂದದ್ದು ಆ ಮಧ್ಯಾಹ್ನವೇ. ಹಳೆಯದು ತಳ ಕಂಡಿತ್ತು. ಸೊಸೆ ಸೀಲು ಒಡೆದು, ಲೋಟಕ್ಕೆ ಬಗ್ಗಿಸಿ, ಮೀಟರು ಅದ್ದಿದಳು. ಒಂದು ಪಾಯಿಂಟ್ ನಾಲ್ಕು ಒಂದು ತೋರಿಸಬೇಕಾದದ್ದು ಸೊನ್ನೆ ಪಾಯಿಂಟ್ ಒಂಬತ್ತು ತೋರಿಸಿತು. ಒರೆಸಿ ಮತ್ತೆ ಅದ್ದಿದಳು. ಅದೇ. ಹಳೆಯ ಬಾಟಲಿಗೆ ಅದ್ದಿದರೆ ಒಂದು ಪಾಯಿಂಟ್ ನಾಲ್ಕು ಒಂದು. ಹೊಸದೇ ಕೆಟ್ಟಿದೆ, ದಾರಿಯಲ್ಲಿ ಬಿಸಿಲಿಗೆ ಕೂತು ಹಾಳಾಗಿದೆ ಎಂದು ಮೊದಲು ಹೊಸದನ್ನೇ ಬೈದಳು. ಆಮೇಲೆ ಯಾಕೋ ಹಳೆಯ ಬಾಟಲಿಯನ್ನು ಬೆಳಕಿಗೆ ಹಿಡಿದಳು.

ತಳದಲ್ಲಿ ಹಸಿರು ಪಾಚಿಯ ಚೂರು ಕೂತಿತ್ತು. ಅದರ ಮೇಲೆ ಕೂದಲಿನಷ್ಟು ತೆಳ್ಳಗೆ ನಾರಿನ ಒಂದು ಎಳೆ ತೇಲುತ್ತಿತ್ತು.

ಅವಳು ಅಲ್ಲೇ ಮೂಟೆಯ ಮೇಲೆ ಕೂತಳು. ತರಬೇತಿಯಲ್ಲಿ ಹೇಳಿದ ಮಾತು ಈಗ ಕಿವಿಯಲ್ಲಿ ಕೂಗಿದಂತಾಯಿತು: ಬಗ್ಗಿಸಿದ್ದನ್ನು ಚೆಲ್ಲಿ, ವಾಪಸ್ಸು ಹಾಕಬೇಡಿ. ಹತ್ತು ಮಾತಿನ ನಡುವೆ ಬಂದುಹೋದ ಒಂದು ಮಾತು. ಚೆಲ್ಲಲು ಮನಸ್ಸು ಬಂದಿರಲಿಲ್ಲ. ಹಿಂದಿನ ದಿನ ನೂರು ಕೊಳಕು ಬಟ್ಟಲಲ್ಲಿ ಮುಳುಗಿ ಬಂದ ಮೀಟರಿನ ತುದಿಯನ್ನು ಬೆಳಿಗ್ಗೆ ಆ ನೀರಿಗೆ ಅದ್ದಿ, ಆ ನೀರನ್ನು ಬಾಟಲಿಗೆ ಬಗ್ಗಿಸಿ, ಮಾರನೆಯ ದಿನ ಮತ್ತೆ ಅದನ್ನೇ. ದಿನಕ್ಕೊಂದಿಷ್ಟು ಉಪ್ಪು ಸೇರಿ ಸೇರಿ ಬಾಟಲಿ ಏರಿತ್ತು, ಅವಳು ದಿನಾ ಬೆಳಿಗ್ಗೆ ಗುಂಡಿ ಒತ್ತಿ ಮೀಟರಿನ ಅಂಕಿಯನ್ನು ಇಳಿಸಿದ್ದಳು, ಆ ಅಂಕಿ ಎರಡು ಮುಟ್ಟುವವರೆಗೆ ತೊಟ್ಟಿಗೆ ಗೊಬ್ಬರ ಸುರಿದಿದ್ದಳು. ಒಳಗೆ ಹೋಗುವ ನೀರಿನ ಅಂಕಿಯೂ ಸುಳ್ಳು, ಹೊರಗೆ ಬರುವ ನೀರಿನ ಅಂಕಿಯೂ ಸುಳ್ಳು. ಎರಡೂ ಸುಳ್ಳು ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದವೆಂದರೆ ಪುಸ್ತಕ ನೋಡಿದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಉಪ್ಪು ತಾಳುವ ಟೊಮೇಟೊ ಸಿಹಿಯಾಗಿತ್ತು, ತಾಳದ ಸೌತೆ ಸುಟ್ಟಿತ್ತು. ಬಾಟಲಿಯನ್ನು ಎಂಜಲು ಮಾಡಿದ್ದಳು. ಮಾವ ಬೆರಳು ಚೀಪಿ ಇನ್ನೊಂದು ಪಾತ್ರೆಗೆ ಇಡುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಏನು ಭೇದ? ಅವರಾದರೂ ಎಲ್ಲರ ಎದುರಿಗೆ ಮಾಡುತ್ತಿದ್ದರು. ಅವಳು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು ಮಾಡಿದ್ದಳು.

ಕೊನೆಯ ಹಾಳೆ ತೆರೆದಳು. ಎರಡೂವರೆ, ಮೂರು, ಮೂರೂವರೆ, ನಾಲ್ಕು. ನಾಲಿಗೆ ಕೆಟ್ಟದ್ದಕ್ಕೆಂದು ಕೂಡಿಟ್ಟ ಸಾಕ್ಷಿ. ಮೀಟರನ್ನು ಹೊಸ ನೀರಿಗೆ ಸರಿಮಾಡಿ, ಹೋಗಿ, ಸೌತೆ ಮನೆಯ ಎರಡನೆಯ ಸಾಲಿನ ಬಟ್ಟಲಿಗೆ ಇಳಿಸಿದಳು. ನಾಲ್ಕು ಪಾಯಿಂಟ್ ಏಳು.

ಮ್ಯಾನೇಜರಿಗೆ ಎಲ್ಲ ಹೇಳಿದಳು, ಬಾಟಲಿಯನ್ನೂ ತೋರಿಸಿದಳು. ಅವನು ಕೂಡಲೇ ಚೀಲಗಳಿಗೆ ಬರೀ ನೀರು ಬಿಡಿಸಿದ; ಅರ್ಧ ಸೌತೆ ಉಳಿದರೆ ಪುಣ್ಯ ಎಂದ. ಮೇಲಿನವರಿಗೆ ಮೀಟರು ಕೆಟ್ಟಿತ್ತು ಎಂದು ಬರೆಯೋಣ, ಯಾರು ಕೆಡಿಸಿದರು ಅಂತ ಯಾರೂ ಕೇಳಲ್ಲ ಎಂದೂ ಹೇಳಿದ. ಅವಳು ಬೇಡವೆನ್ನಲಿಲ್ಲ. ಆ ಸುಮ್ಮನಿದ್ದದ್ದು ಬಾಯಲ್ಲಿ ಕಹಿಯಾಗಿ ಕೂತಿತು.

"ನಾಳೆ ತಾತನ್ನ ಕರ್ಕೊಂಡು ಬನ್ನಿ," ಎಂದ ಮ್ಯಾನೇಜರು. "ನಾನು ಕರೆದೆ ಅಂತ ಹೇಳಿ. ಆದರೆ ಯಾಕೆ ಕಳಿಸಿದ್ವಿ ಅನ್ನೋದನ್ನ ನೀವೇ ಹೇಳಬೇಕು. ಅದು ನನ್ನಿಂದ ಆಗಲ್ಲ."

ದಾರಿಯುದ್ದಕ್ಕೂ ಮಾತು ಜೋಡಿಸಿದಳು. ತಪ್ಪಾಯ್ತು ಮಾವ ಎನ್ನಬೇಕು. ನಿಮ್ಮ ನಾಲಿಗೆ ಕೆಟ್ಟಿದೆ ಅಂತ ಹೇಳಿದ್ದು ನಾನೇ ಎನ್ನಬೇಕು. ಎರಡನೆಯ ಮಾತಿಗೆ ಬಂದಾಗಲೆಲ್ಲ ಮತ್ತೆ ಮೊದಲನೆಯದಕ್ಕೇ ಹಿಂತಿರುಗುತ್ತಿದ್ದಳು. ಊಟಕ್ಕೆ ಕೂತಾಗ ಹೇಳುತ್ತೇನೆ, ಹೊಟ್ಟೆ ತುಂಬಿದ ಮೇಲೆ ಕೋಪ ಕಡಿಮೆ ಎಂದು ತೀರ್ಮಾನಿಸಿದಳು. ಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಂದೆಯಾ ಎಂದರು. ಕೆಲಸದ ಸುದ್ದಿ ಕೇಳಲಿಲ್ಲ. ಕೇಳುವುದನ್ನು ಬಿಟ್ಟೇ ಮೂರು ವಾರವಾಗಿತ್ತು.

ಕಾಳು ಬೇಯಿಸಿ, ತರಕಾರಿ ಹೆಚ್ಚಿ ಹಾಕಿ, ಅನ್ನ ಬಸಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಮನಸ್ಸು ಆ ಎರಡನೆಯ ಮಾತಿನಲ್ಲೇ ಇತ್ತು. ತನ್ನ ಪಾಲು ಮೊದಲು ತೆಗೆದಿಡಲು ಸೌಟು ಹಿಡಿದವಳು ಹಾಗೇ ಬಿಟ್ಟಳು. ಇವತ್ತು ಅವರು ಉಂಡ ಪಾತ್ರೆಯಿಂದಲೇ ಉಣ್ಣುತ್ತೇನೆ ಎಂದುಕೊಂಡಳು. ಅಷ್ಟಾದರೂ ಆಗಲಿ.

ಪಾತ್ರೆಯನ್ನೇ ಎತ್ತಿಕೊಂಡು ಹೋಗಿ, ಮುಚ್ಚಳ ತೆಗೆದು ಮಾವನ ಮುಂದೆ ಇಟ್ಟಳು.

"ಉಪ್ಪು ನೋಡಿ ಮಾವ," ಎಂದಳು. ಒಂಬತ್ತು ವರ್ಷದಲ್ಲಿ ಕುಹಕವಿಲ್ಲದೆ ಅವಳಾಗಿ ಹಾಗೆ ಕೇಳಿದ್ದು ಅದೇ ಮೊದಲು.

ಮಾವ ಅವಳ ಮುಖ ನೋಡಿದರು, ಪಾತ್ರೆಯನ್ನು ನೋಡಿದರು. ಬಲಗೈ ಸ್ವಲ್ಪ ಮುಂದೆ ಬಂದದ್ದು ತಡೆದು ಹಿಂದಕ್ಕೆ ಹೋಯಿತು. ಚಮಚ ಕೇಳಿ ತೆಗೆದುಕೊಂಡರು. ಒಂದು ಚಮಚ ತಟ್ಟೆಗೆ ಬಗ್ಗಿಸಿಕೊಂಡು, ತಟ್ಟೆಯಿಂದಲೇ ರುಚಿ ನೋಡಿದರು. ಕಣ್ಣು ಮುಚ್ಚಲಿಲ್ಲ.

"ಸರಿಯಾಗಿದೆ ಕಣಮ್ಮಾ," ಎಂದರು. "ಬಡಿಸು."

ಅವರು ಉಂಡರು. ಎರಡನೆಯ ಸಲವೂ ಹಾಕಿಸಿಕೊಂಡರು. ಅವಳು ಎದುರಿಗೆ ಕೂತು, ಈಗ ಹೇಳುತ್ತೇನೆ, ಈ ತುತ್ತು ಮುಗಿಯಲಿ ಹೇಳುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಮಾವ ತಟ್ಟೆ ಎತ್ತಿಕೊಂಡು ಎದ್ದರು. ಅವರು ಎದ್ದು ಹೋಗುವುದನ್ನೇ ನೋಡುತ್ತ ಅವಳು ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೌಟು ಪಾತ್ರೆಯಲ್ಲೇ ಇತ್ತು, ಆದರೂ ಮುಟ್ಟಲಿಲ್ಲ. ಯಾರೂ ನೋಡುತ್ತಿರಲಿಲ್ಲ, ಕಿರುಬೆರಳನ್ನು ಪಾತ್ರೆಗೆ ಇಳಿಸಿ ಬಾಯಿಗಿಟ್ಟುಕೊಂಡಳು.

ನಾಲಿಗೆಯನ್ನು ಅಂಗುಳಕ್ಕೆ ಒತ್ತಿದಳು. ಮತ್ತೊಮ್ಮೆ ಅದ್ದಿ ಬಾಯಿಗಿಟ್ಟಳು. ಸಪ್ಪೆ. ಒಂದು ಹರಳು ಕಡಿಮೆಯಲ್ಲ, ಒಂದು ಹರಳೂ ಇರಲಿಲ್ಲ. ಉಪ್ಪಿನ ಡಬ್ಬಿ ಒಲೆಯ ಪಕ್ಕದ ಗೂಡಿನಲ್ಲಿ, ಬೆಳಿಗ್ಗೆ ಮುಚ್ಚಿಟ್ಟ ಹಾಗೇ ಇತ್ತು.

ಹಿತ್ತಲಿನಲ್ಲಿ ಕೊಳಾಯಿ ತಿರುಗಿಸಿದ ಸದ್ದು ಬಂತು. ಮಾವ ತಟ್ಟೆ ತೊಳೆಯುತ್ತಿದ್ದರು. ಅವಳು ಬೆರಳನ್ನು ಬಾಯಿಂದ ತೆಗೆಯದೆ, ಆ ನೀರಿನ ಸದ್ದು ಕೇಳುತ್ತ ಕೂತಿದ್ದಳು.